ಪ್ರೇಮಾವತಿ ಡಾಕ್ಟರಿಗೆ ಹೇಳದ ಮಾತು

ಒಂದು ಕಾಲದಲ್ಲಿ ಬಂಟ್ವಾಳದ ಹೊಳೆಬದಿಯಲ್ಲಿ ಪ್ರೇಮಾವತಿಯ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕುಡುಕ ನೋಣಯ್ಯನ ಮನೆ ಎಂದರೆ ಶಾಲೆಗೆ ಹೋಗದ ಮಕ್ಕಳೂ ಕೈ ತೋರಿಸುತ್ತಿದ್ದವು. ವೇಣೂರಿನ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣು ಅವಳು. ಬಂದ ವರ್ಷವೇ ಬೀಡಿ ಕಟ್ಟುವ ಮೊರ, ತಡ್ಪೆ, ಮಡಿಲಿಗೇರಿತು, ಮತ್ತೆ ಇಳಿಯಲಿಲ್ಲ. ಮಗಳು ಸುಪ್ರೀತಾ ಹುಟ್ಟಿ ಬಾಣಂತನದಲ್ಲಿದ್ದಾಗಲೂ ಅವಳು ಎಲೆ ಕತ್ತರಿಸಿದವಳೇ. ಗಂಡನ ದುಡಿಮೆ ಸಾರಾಯಿ ಗಡಂಗಿಗೆ ಹೋಗುವಾಗ ಹೆಂಡತಿಯ ಬೆರಳು ನಿಲ್ಲುವಂತಿರಲಿಲ್ಲ.

ನೋಣಯ್ಯ ಹೊಳೆಯ ಮರಳು ತೆಗೆಯುವ ಹೊಯಿಗೆಯವನು. ನೇತ್ರಾವತಿಯ ನಡುವೆ ದೋಣಿ ನಿಲ್ಲಿಸಿ, ಬಿದಿರಿನ ಗಳ ಊರಿ, ಅದನ್ನು ಹಿಡಿದು ತಳಕ್ಕಿಳಿದು, ಉಸಿರು ಕಟ್ಟಿ ಕಬ್ಬಿಣದ ಬಕೆಟ್ಟಿಗೆ ಹೊಯಿಗೆ ತುಂಬಿಸಿ ಮೇಲೆ ಬರುವುದು ಅವನ ಕೆಲಸ. ಬೆಳಗಾದರೆ ಹೊಳೆ ಕೊರೆಯುತ್ತದೆ, ಮೈ ಬೆಚ್ಚಗಾಗಲು ಒಂದು ಪ್ಯಾಕೆಟ್ ಸಾರಾಯಿ ಬೇಕು ಎಂದು ಹೊಯಿಗೆಯವರೆಲ್ಲ ಹೇಳುತ್ತಾರೆ. ಬೆಳಗ್ಗಿನ ಚಳಿಗೆ ಕುಡಿದದ್ದು ಮಧ್ಯಾಹ್ನದ ಸೆಕೆಗೂ ಬೇಕಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪ್ರೇಮಾವತಿಗೆ ಅದನ್ನು ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಅವಳ ಬೆನ್ನಿಗೆ ಅದು ಚೆನ್ನಾಗಿ ಗೊತ್ತಿತ್ತು.

ತೊಂಬತ್ತಾರರಲ್ಲಿ ಪುಂಜಾಲಕಟ್ಟೆಯಲ್ಲಿ ಕುಡಿತ ಬಿಡಿಸುವ ಶಿಬಿರವೊಂದು ನಡೆಯಿತು. ಊರಿನ ನಾಲ್ಕು ಜನ ಸೇರಿ ನೋಣಯ್ಯನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋಗಿ ಸೇರಿಸಿದರು. ಮೊದಲ ದಿನಗಳಲ್ಲಿ ಬೊಬ್ಬೆ, ನಡುಕ, ಬೈಗುಳ. ಕೊನೆಯ ದಿನ ಹೆಂಡತಿಯರನ್ನೂ ಕರೆಸಿದರು. ನೂರಾರು ಜನರ ಎದುರು ನೋಣಯ್ಯ ಅವಳ ತಲೆ ಮುಟ್ಟಿ ಇನ್ನು ಸಾರಾಯಿ ಮುಟ್ಟುವುದಿಲ್ಲ ಎಂದ. ಇಂಥ ಆಣೆ ಅವಳು ಬೇಕಾದಷ್ಟು ಕೇಳಿದ್ದಳು. ಈ ಸಲ ಮಾತ್ರ ಅವನು ನಿಜಕ್ಕೂ ಮುಟ್ಟಲಿಲ್ಲ. ಒಂದು ಮಳೆಗಾಲ ಕಳೆಯಿತು, ಎರಡು ಕಳೆಯಿತು, ನೋಣಯ್ಯ ಕಾಫಿ ಕುಡಿದೇ ನೀರಿಗಿಳಿದ.

ಆಮೇಲೆ ಪ್ರೇಮಾವತಿಯ ಬದುಕಿನಲ್ಲಿ ಆದದ್ದನ್ನು ಏನೆಂದು ಹೇಳುವುದು? ಹೊಸ ಶಿಬಿರ ಎಲ್ಲಿ ನಡೆದರೂ ಗಂಡ ಹೆಂಡತಿ ಇಬ್ಬರನ್ನೂ ವೇದಿಕೆಗೆ ಕರೆದು ಕುರ್ಚಿ ಕೊಟ್ಟರು. ಮೈಕಿನ ಎದುರು ಮೊದಲ ಸಲ ತೊದಲಿದವಳು ಮೂರನೆಯ ಸಲಕ್ಕೆ ನಿರರ್ಗಳವಾಗಿ ಮಾತಾಡಿದಳು. ಮಹಿಳೆಯರ ಸಂಘದಲ್ಲಿ ಅವಳನ್ನೇ ಮುಂದೆ ಕೂರಿಸಿದರು. ಮದುವೆ ಮನೆಗಳಲ್ಲಿ ಬನ್ನಿ ಪ್ರೇಮಕ್ಕ ಎಂದು ಕರೆಯುವವರು ಹುಟ್ಟಿಕೊಂಡರು. ಆ ಕರೆಯನ್ನು ಅವಳು ಊಟಕ್ಕಿಂತ ಹೆಚ್ಚಾಗಿ ಆಸೆಪಟ್ಟಳು. ಅದಕ್ಕೆ ಅವಳನ್ನು ಬೈಯುವವರು ಮೊದಲು ಅವಳಂತೆ ಹತ್ತು ವರ್ಷ ಊರವರ ಎದುರು ತಲೆ ತಗ್ಗಿಸಿ ನಡೆದು ನೋಡಲಿ.

ನೋಣಯ್ಯನನ್ನು ನೋಡಿ ಕುಡಿತ ಬಿಟ್ಟವರಲ್ಲಿ ಕೂಸಪ್ಪನೂ ಒಬ್ಬ. ಒಂದೇ ದೋಣಿಯಲ್ಲಿ ದುಡಿಯುವವನು, ವಯಸ್ಸಿನಲ್ಲಿ ಚಿಕ್ಕವನು, ನೋಣಯ್ಯನನ್ನು ಅಣ್ಣ ಎಂದೇ ಕರೆಯುವವನು. ಯಾರು ಕೇಳಿದರೂ ಅವನು ಒಂದೇ ಮಾತು ಹೇಳುತ್ತಿದ್ದ: ನೋಣಯ್ಯಣ್ಣ ಸರಿ ಇರುವಷ್ಟು ದಿನ ನಾನೂ ಸರಿ ಇರುತ್ತೇನೆ, ಅವರು ಬಿದ್ದ ದಿನ ನಾನೂ ಬೀಳುತ್ತೇನೆ. ಕೂಸಪ್ಪನ ಹೆಂಡತಿ ಇದನ್ನು ಪ್ರೇಮಾವತಿಯ ಕೈ ಹಿಡಿದು ಹೇಳಿ ಅತ್ತದ್ದುಂಟು.

ಎರಡು ಸಾವಿರದ ಎರಡರಲ್ಲಿ ನೋಣಯ್ಯನ ಕಣ್ಣು ಹಳದಿಯಾಯಿತು. ಕಾಲು ಬಾತಿತು, ಹೊಟ್ಟೆ ಮುಂದೆ ಬಂತು. ಪ್ರೇಮಾವತಿ ಅವನನ್ನು ಬಂಟ್ವಾಳದ ಡಾಕ್ಟರ ಬಳಿಗೆ ಕರೆದೊಯ್ಯಲಿಲ್ಲ. ಅಲ್ಲಿ ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಗುರುತಿನವರು. ಸಿದ್ದಕಟ್ಟೆಯ ದಾರಿಯ ಬಸ್ಸು ಹತ್ತಿಸಿ, ತಮ್ಮನ್ನು ಯಾರೂ ಅರಿಯದ ಮೂಡುಬಿದಿರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಳು. ಅಲ್ಲಿನ ಡಾಕ್ಟರು ವಯಸ್ಸಾದವರು, ನಿಧಾನವಾಗಿ ಬಿಡಿಸಿ ಹೇಳಿದರು. ಲಿವರ್ ಮುದುಡಿ ಗಟ್ಟಿಯಾಗಿದೆ. ಹಿಂದೆ ಕುಡಿದದ್ದರ ಫಲ ಈಗ ಕಾಣುತ್ತಿದೆ, ಬಿಟ್ಟದ್ದರಿಂದಲೇ ಇಷ್ಟು ವರ್ಷ ಬದುಕಿದ್ದಾರೆ. ಮದ್ದು ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ. ಮತ್ತೆ ಇನ್ನೊಂದು ಮಾತನ್ನು ಒತ್ತಿ ಹೇಳಿದರು:

"ಇನ್ನು ಜ್ವರ ಬರಲಿ, ಗಾಯ ಆಗಲಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಲಿವರಿನ ವಿಷಯ ಹೇಳಿ. ಬೇರೆಯವರಿಗೆ ಸಣ್ಣದಾಗಿ ಹೋಗುವುದು ಇವರಿಗೆ ಸಣ್ಣದಾಗಿ ಹೋಗುವುದಿಲ್ಲ."

ಬಸ್ಸಿನಲ್ಲಿ ನೋಣಯ್ಯ ಕಿಟಕಿಯ ಹೊರಗೆ ನೋಡುತ್ತ, ಇಷ್ಟು ವರ್ಷ ಬಿಟ್ಟದ್ದಕ್ಕೆ ಇದಾ ಸಿಕ್ಕಿದ್ದು ಮಾರಾಯ್ತಿ, ಎಂದ. ಊರಿನವರ ಕಿವಿಗೆ ಲಿವರ್ ಎಂಬ ಶಬ್ದ ಬಿದ್ದರೆ ಏನಾಗುತ್ತದೆ ಎಂಬುದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಕದ್ದು ಕುಡಿಯುತ್ತಿದ್ದ ಎನ್ನುತ್ತಾರೆ. ಲಿವರ್ ಹೋದವನು ಕುಡುಕನಲ್ಲದೆ ಮತ್ತೇನು ಎಂದು ನಗುತ್ತಾರೆ. ಕೂಸಪ್ಪ ಕೇಳಿದರಂತೂ ಆ ಸಂಜೆಯೇ ಗಡಂಗಿನಲ್ಲಿ ಇರುತ್ತಾನೆ. ಬಿ. ಸಿ. ರೋಡಿನಲ್ಲಿ ಬಸ್ಸಿಳಿಯುವಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು. ಇದು ನಮ್ಮಿಬ್ಬರಲ್ಲೇ ಇರಲಿ, ಮೂರನೆಯವರಿಗೆ ಗೊತ್ತಾಗುವುದು ಬೇಡ ಎಂದಳು. ಅವನು ತಲೆಯಾಡಿಸಿದ.

ಹೊಳೆಗಿಳಿಯುವುದು ಬೇಡವೆಂದೂ ಅವಳು ಹೇಳಿದಳು. ಆದರೆ ಏಕಾಏಕಿ ಕೆಲಸ ಬಿಟ್ಟರೆ ಕಾರಣ ಕೇಳುತ್ತಾರಲ್ಲ. ಮದ್ದಿನಿಂದ ಬಾವು ಇಳಿದ ಮೇಲೆ ಅವನು ಮತ್ತೆ ಗಳ ಹಿಡಿದ.

ಮರುವರ್ಷ ಮಳೆ ಹಿಂದೆ ಸರಿದು ಹೊಳೆ ಇಳಿಯತೊಡಗಿದಾಗ ಅದು ನಡೆಯಿತು. ನೀರು ಇನ್ನೂ ಕೆಂಪು, ತಳ ಕಾಣುತ್ತಿರಲಿಲ್ಲ. ತುಂಬಿದ ಬಕೆಟ್ಟನ್ನು ದೋಣಿಗೆ ಎತ್ತುವಾಗ ಕೈ ಜಾರಿ, ಅದರ ಹರಿದ ಅಂಚು ಕೂಸಪ್ಪನ ಅಂಗೈಯನ್ನು ಸೀಳಿ ಕೆಳಗೆ ನೀರಿನಲ್ಲಿದ್ದ ನೋಣಯ್ಯನ ಕಾಲಿನ ಮೀನಗಂಡಕ್ಕೆ ತಾಗಿತು. ಗಾಯ ದೊಡ್ಡದೇನಲ್ಲ. ಇಬ್ಬರೂ ಅದನ್ನು ಹೊಳೆಯ ನೀರಿನಲ್ಲೇ ತೊಳೆದರು. ಅಂದಿನ ಲೋಡು ಮುಗಿಸಿಯೇ ದಡಕ್ಕೆ ಬಂದರು. ಪ್ರೇಮಾವತಿ ಇಬ್ಬರ ಗಾಯಕ್ಕೂ ಬೀಡಿಯ ಹೊಗೆಸೊಪ್ಪಿನ ಹುಡಿ ಒತ್ತಿ ಬಟ್ಟೆ ಕಟ್ಟಿದಳು. ಆ ದಡದಲ್ಲಿ ಎಲ್ಲರ ಗಾಯಕ್ಕೂ ಅದೇ ಮದ್ದು.

ಕೂಸಪ್ಪನ ಅಂಗೈ ಮರುದಿನವೇ ಒಣಗತೊಡಗಿತು. ನೋಣಯ್ಯನಿಗೆ ಮರುದಿನ ಬೆಳಗ್ಗೆ ಚಳಿಜ್ವರ. ಗಾಯದ ಸುತ್ತ ಒಂದಿಷ್ಟು ಕೆಂಪು, ಒಂದಿಷ್ಟು ಬಾವು, ಆದರೆ ನೋವು ಮಾತ್ರ ಹೇಳತೀರದು. ಹೆಗಲಿಗೆ ದೋಣಿಯ ಮೊಳೆ ಹೊಕ್ಕಾಗ ಹುಂ ಎನ್ನದಿದ್ದ ಗಂಡಸು ಹೊದಿಕೆ ತಾಗಿದರೆ ಕಿರುಚುತ್ತಿದ್ದ. ಕೂಸಪ್ಪ ರಿಕ್ಷಾ ತಂದ. ಮೂಡುಬಿದಿರೆಗೆ ಹೋಗೋಣವೇ ಎಂದು ಪ್ರೇಮಾವತಿಗೆ ಅನಿಸಿತು, ಆದರೆ ಅಷ್ಟು ದೂರ ಯಾಕೆ ಎಂದು ಕೂಸಪ್ಪ ಕೇಳಿದರೆ ಹೇಳಲು ಕಾರಣವಿರಲಿಲ್ಲ. ಬಂಟ್ವಾಳದ ಕ್ಲಿನಿಕ್ಕಿಗೇ ಹೋದರು.

ಡಾಕ್ಟರು ಕಾಲು ನೋಡಿದರು, ಜ್ವರ ನೋಡಿದರು. ನೋಣಯ್ಯ ಮಂಚದಲ್ಲಿ ಹಲ್ಲು ಕಚ್ಚಿ ಮಲಗಿದ್ದ. ಮೇಜಿನ ಈ ಬದಿಗೆ ಪ್ರೇಮಾವತಿ, ಆ ಬದಿಗೆ ಕೂಸಪ್ಪ.

"ಇವರಿಗೆ ಬೇರೆ ಕಾಯಿಲೆ ಏನಾದರೂ ಉಂಟಾ? ಶುಗರ್? ಲಿವರಿನ ತೊಂದರೆ? ಕುಡಿಯುತ್ತಾರಾ?"

ಅವಳ ನಾಲಿಗೆಯ ತುದಿಯವರೆಗೆ ಬಂತು. ಓರೆಗಣ್ಣಿನಲ್ಲಿ ಕೂಸಪ್ಪನನ್ನು ನೋಡಿದಳು. ಅವನು ತನ್ನ ಅಂಗೈಯ ಪಟ್ಟಿಯನ್ನು ನೋಡುತ್ತ ನಿಂತಿದ್ದ.

"ಇಲ್ಲ ಡಾಕ್ಟ್ರೇ. ಇವರು ಮುಟ್ಟುವುದಿಲ್ಲ. ಯಾವ ಕಾಯಿಲೆಯೂ ಇಲ್ಲ."

ವೇದಿಕೆಯ ಮೇಲೆ ಹೇಳಿ ಹೇಳಿ ಪಳಗಿದ ದನಿ ಅದು, ಎಲ್ಲೂ ತಡವರಿಸಲಿಲ್ಲ. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು, ಕಡಿಮೆಯಾಗದಿದ್ದರೆ ಬನ್ನಿ ಎಂದರು. ಗಟ್ಟಿಮುಟ್ಟಾದ ಹೊಯಿಗೆಯವನ ಕಾಲಿನ ಗಾಯಕ್ಕೆ ಯಾರೇ ಆದರೂ ಅಷ್ಟೇ ಮಾಡುತ್ತಿದ್ದರು.

ಮರುದಿನ ಬೆಳಕಾಗುವಾಗ ಮೀನಗಂಡದಿಂದ ಮೊಣಕಾಲಿನವರೆಗೆ ಗುಳ್ಳೆಗಳು ಎದ್ದಿದ್ದವು. ನೇರಳೆ ಬಣ್ಣ, ಒಳಗೆ ರಕ್ತದಂಥ ನೀರು. ಕಾಲಿನ ಒಂದು ಬದಿಯಿಂದ ಸುತ್ತಿಕೊಂಡು ಮೇಲೆ ಹತ್ತುತ್ತಿದ್ದ ಸಾಲನ್ನು ನೋಡಿ ಪ್ರೇಮಾವತಿಗೆ ಹೊಳೆದದ್ದು ಒಂದೇ, ಇದು ಸರ್ಪಸುತ್ತು. ಹಾಗೆ ಹೊಳೆದೊಡನೆ ಅವಳಿಗೆ ಸಮಾಧಾನವೂ ಆಯಿತು ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಸರ್ಪಸುತ್ತಿಗೆ ಊರಿನ ಮದ್ದುಂಟು. ಅದಕ್ಕೆ ಇಂಜೆಕ್ಷನ್ ಆಗದು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸರ್ಪಸುತ್ತಿಗೆ ಮದ್ದು ಕೊಡುವವರು ಲಿವರಿನ ಸುದ್ದಿ ಕೇಳುವುದಿಲ್ಲ.

ವೇಣೂರಿನಲ್ಲಿ ಅವಳ ತವರಿನ ಹತ್ತಿರದ ಮಾಯಿಲಪ್ಪನ ಕೈಗುಣ ಸುತ್ತಲಿನ ಊರಿಗೆಲ್ಲ ಗೊತ್ತಿದ್ದದ್ದೇ. ಬಾಡಿಗೆ ಕಾರಿನಲ್ಲಿ ಪುಂಜಾಲಕಟ್ಟೆಯ ದಾರಿಯಾಗಿ ಹೋದರು. ಪ್ರತಿಯೊಂದು ಹೊಂಡಕ್ಕೂ ನೋಣಯ್ಯ ಕೂಗಿದ. ಮಾಯಿಲಪ್ಪ ಒಳ್ಳೆಯ ಮನುಷ್ಯ, ಏನನ್ನೂ ಕೇಳಿ ಪಡೆಯುವವನಲ್ಲ. ಗುಳ್ಳೆಯ ಬಣ್ಣ ನೋಡಿ, ಇಂಥದ್ದು ನೋಡಿಲ್ಲ ಎಂದ. ಪ್ರೇಮಾವತಿ ಬೇಡಿಕೊಂಡಳು. ಅವನು ಸೊಪ್ಪಿನ ರಸ ಹಚ್ಚಿ, ಸರ್ಪದ ತಲೆ ಬಾಲ ಒಂದಾಗದಿರಲಿ ಎಂದು ಮೊಣಕಾಲಿನ ಮೇಲೆ ಕಾವಿಯ ಗೆರೆ ಎಳೆದ. ಮಧ್ಯಾಹ್ನ ಮನೆ ತಲುಪುವಾಗ ಗುಳ್ಳೆ ಆ ಗೆರೆಯನ್ನು ದಾಟಿ ತೊಡೆಗೆ ಬಂದಿತ್ತು.

ಪಕ್ಕದ ಮನೆಯ ಬೀಯಮ್ಮ ಬಂದಳು. ಹತ್ತಾರು ವರ್ಷ ಇಬ್ಬರೂ ಒಂದೇ ಜಗಲಿಯಲ್ಲಿ ಬೀಡಿ ಕಟ್ಟಿದವರು. ಗಲ್ಫಿನಿಂದ ಶುಗರ್ ಹೊತ್ತು ತಂದ ಗಂಡನ ಕಾಲು ಕೊಳೆತು ಹೋದದ್ದನ್ನು ಕಣ್ಣಾರೆ ಕಂಡವಳು ಅವಳು. ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದಳು. ಹತ್ತಿರ ಬಂದು ನೋಡಿದಳು. ಸೊಪ್ಪಿನ ಅಡಿಯಲ್ಲಿ ಚರ್ಮ ಕಪ್ಪಾಗಿತ್ತು, ಒತ್ತಿದರೆ ಅವನಿಗೆ ಈಗ ನೋವೇ ಇರಲಿಲ್ಲ. ನೋವು ಹೋದದ್ದು ಗುಣದ ಲಕ್ಷಣ ಎಂದು ಪ್ರೇಮಾವತಿ ಅಂದುಕೊಂಡಿದ್ದಳು.

"ಪ್ರೇಮ, ಇದು ಸರ್ಪ ಅಲ್ಲ. ಮಾಂಸ ಸಾಯ್ತಾ ಉಂಟು. ಈಗಲೇ ಮಂಗಳೂರಿಗೆ ಕರಕೊಂಡು ಹೋಗು, ಮಗಳನ್ನು ನಾನು ನೋಡಿಕೊಳ್ತೇನೆ," ಎಂದಳು ಬೀಯಮ್ಮ. ಅವಳೇ ಓಡಿ ಹೋಗಿ ತನ್ನ ತಮ್ಮ ಸುಲೈಮಾನನ ಓಮ್ನಿ ವ್ಯಾನು ತರಿಸಿದಳು.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ನೋಣಯ್ಯ ಏನೇನೋ ಬಡಬಡಿಸುತ್ತಿದ್ದ. ದೋಣಿ ಕಟ್ಟು, ನೀರು ಬಂತು, ಎನ್ನುತ್ತಿದ್ದ. ರಕ್ತದೊತ್ತಡ ಸಿಗುತ್ತಿಲ್ಲ ಎಂದು ನರ್ಸು ಕೂಗಿದಳು. ಜೊತೆಗೆ ಬಂದಿದ್ದ ಕೂಸಪ್ಪನನ್ನು ರಕ್ತ ತರಲು ಓಡಿಸಿದರು. ಆಪರೇಷನ್ ಮಾಡುವ ಡಾಕ್ಟರಮ್ಮ ಪ್ರೇಮಾವತಿಯನ್ನು ಒಬ್ಬಳನ್ನೇ ಒಳಗೆ ಕರೆದು, ಮೊದಲ ಡಾಕ್ಟರು ಕೇಳಿದ್ದನ್ನೇ ಕೇಳಿದರು. ಈ ಸಲ ಅವಳು ತಡೆದುಕೊಳ್ಳಲಿಲ್ಲ. ಸಾರಾಯಿ, ಶಿಬಿರ, ಹಳದಿ ಕಣ್ಣು, ಸ್ಕ್ಯಾನ್, ನಿನ್ನೆಯ ಕ್ಲಿನಿಕ್ಕಿನ ಇಂಜೆಕ್ಷನ್, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಡಾಕ್ಟರಮ್ಮನ ಮುಖ ಬದಲಾಗುವುದನ್ನು ಕಂಡಳು.

"ನಿನ್ನೆ ಆ ಕ್ಲಿನಿಕ್ಕಿನಲ್ಲಿ ಇದನ್ನು ಹೇಳಿದಿರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೊಳೆಯ ನೀರಿನಲ್ಲಿ ಇಂಥ ಕ್ರಿಮಿಗಳು ಇರುತ್ತವೆ, ಗಾಯಕ್ಕೆ ತಾಗಿದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂದರು. ಲಿವರ್ ಕೆಟ್ಟವರಲ್ಲಿ, ಶುಗರ್ ಇರುವವರಲ್ಲಿ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ, ಗಂಟೆ ಗಂಟೆಗೂ ಮಾಂಸವನ್ನು ತಿನ್ನುತ್ತ ಮೇಲೆ ಹೋಗುತ್ತದೆ. ಮೊದಲೇ ತಿಳಿದಿದ್ದರೆ ಆ ದಿನವೇ ಇಲ್ಲಿಗೆ ಕಳುಹಿಸುತ್ತಿದ್ದರು, ಕೊಳೆತ ಮಾಂಸವನ್ನಷ್ಟೇ ಕೆರೆದು ತೆಗೆದು ನೋಡಬಹುದಿತ್ತು. ಈಗ ತೊಡೆಯವರೆಗೆ ಕಾಲು ತೆಗೆಯಬೇಕು, ತೆಗೆದರೂ ಉಳಿಯುತ್ತಾರೆಂದು ಹೇಳಲಾರೆ ಎಂದರು.

ಕಾಲಿಲ್ಲದ ಹೊಯಿಗೆಯವನು ಏನು ಮಾಡುತ್ತಾನೆ ಎಂದು ಅವಳು ಯೋಚಿಸಲಿಲ್ಲ. ತೆಗೆಯಿರಿ, ಎರಡೂ ಬೇಕಾದರೆ ಎರಡನ್ನೂ ತೆಗೆಯಿರಿ, ಜೀವ ಒಂದು ಉಳಿಸಿ ಎಂದು ಡಾಕ್ಟರಮ್ಮನ ಕೈ ಹಿಡಿದಳು. ತೋರಿಸಿದ ಕಡೆ ಸಹಿ ಹಾಕಿದಳು. ಹೊರಗೆ ಬಂದು ಗೋಡೆಗೆ ಒರಗಿ ಕೂತು ಗೊತ್ತಿರುವ ದೈವಗಳಿಗೆಲ್ಲ ಹೇಳಿಕೊಂಡಳು. ಇವರು ಒಂಟಿ ಕಾಲಿನಲ್ಲಿ ಕೂತರೂ ಸಾಕು, ನಾನು ಮೈಕು ಹಿಡಿದು ಲಿವರಿನ ವಿಷಯ ಊರಿಗೆಲ್ಲ ಹೇಳುತ್ತೇನೆ, ನಗುವವರು ನಗಲಿ ಎಂದಳು. ದೈವಗಳೊಂದಿಗೂ ಚೌಕಾಸಿಗೆ ಕೂರುವ ಸ್ಥಿತಿ ಅದು. ಕೊಡಲು ಅವಳ ಬಳಿ ಮರ್ಯಾದೆಯೊಂದೇ ಇತ್ತು, ಅದನ್ನೇ ಕೊಡುತ್ತೇನೆ ಎಂದಳು.

ಕಾಲು ಹೋಯಿತು. ಮರುದಿನ ಸೊಂಟದ ಬಳಿಯೂ ಕಪ್ಪು ಕಾಣಿಸಿತು. ಮತ್ತೊಮ್ಮೆ ಒಳಗೆ ಕೊಂಡೊಯ್ದರು. ಐಸಿಯುವಿನ ಗಾಜಿನ ಬಾಗಿಲಿನಿಂದ ನೋಡಿದಾಗ ನೋಣಯ್ಯನ ಮುಖ ಬಾತು ಯಾರದೋ ಮುಖದಂತಿತ್ತು. ಒಳಗೆ ಬಿಟ್ಟಾಗ ಅವಳು ಅವನ ಕಿವಿಯಲ್ಲಿ, ನಾನು ಡಾಕ್ಟರಿಗೆ ಹೇಳಿದೆ ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆ ಸಂಜೆ ಅವನು ತೀರಿಕೊಂಡ.

ಊರಿಗೆ ಹಿಂದಿರುಗುವಾಗ ಆಂಬುಲೆನ್ಸಿನ ಹಿಂಬದಿಯಲ್ಲಿ ಶವದ ಈಚೆ ಅವಳು, ಆಚೆ ಕೂಸಪ್ಪ. ಫರಂಗಿಪೇಟೆ ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಇವನು ಇನ್ನು ಬೀಳುತ್ತಾನೋ ಏಳುತ್ತಾನೋ, ಸುಳ್ಳನ್ನು ಮಾತ್ರ ಚಿತೆಯವರೆಗೆ ಹೊರಲಾರೆ ಎನಿಸಿತು.

"ಕೂಸಪ್ಪಣ್ಣ, ಒಂದು ವಿಷಯ ಉಂಟು. ಇವರಿಗೆ ಲಿವರ್ ಹೋಗಿತ್ತು. ಕಳೆದ ವರ್ಷವೇ ಗೊತ್ತಾಗಿತ್ತು. ಆದರೆ ದೇವರಾಣೆಗೂ ಇವರು ಮತ್ತೆ ಮುಟ್ಟಲಿಲ್ಲ. ಅದು ಹಿಂದಿನದ್ದು."

ಅವನು ಬೆಚ್ಚಿ ಬೀಳುತ್ತಾನೆಂದು ಅವಳು ಕಾದಳು. ಅವನು ತಲೆ ಎತ್ತಲಿಲ್ಲ.

"ನನಗೆ ಗೊತ್ತುಂಟು ಅತ್ತಿಗೆ."

"ಎಂತ ಗೊತ್ತುಂಟು?"

"ಮೂಡುಬಿದಿರೆಗೆ ಹೋಗಿ ಬಂದು ಮತ್ತೆ ಗಳ ಹಿಡಿದ ದಿನವೇ ನೋಣಯ್ಯಣ್ಣ ದೋಣಿಯಲ್ಲಿ ಹೇಳಿದ್ದರು. ನೀರಿನೊಳಗೆ ಏನಾದರೂ ಆದರೆ ನಿನಗೆ ಗೊತ್ತಿರಲಿ ಅಂತ. ನನಗೆ ಹೇಳಿದ್ದು ಪ್ರೇಮಳಿಗೆ ತಿಳಿಯುವುದು ಬೇಡ, ಅವಳಿಗೆ ಬೇಸರ ಆಗ್ತದೆ ಅಂದರು."

ಅವಳು ಅವನನ್ನೇ ನೋಡುತ್ತಿದ್ದಳು. ಅವನು ವಿಷಯ ಕೇಳಿಯೂ ಕುಡಿತಕ್ಕೆ ಬಿದ್ದಿರಲಿಲ್ಲ. ಒಂದು ವರ್ಷದಿಂದ ಎಲ್ಲವನ್ನೂ ತಿಳಿದುಕೊಂಡೇ ಕಾಫಿ ಕುಡಿದು ನೀರಿಗಿಳಿದಿದ್ದ.

"ಹಾಗಾದರೆ ಆ ಕ್ಲಿನಿಕ್ಕಿನಲ್ಲಿ ಕೇಳಿದಾಗ ನೀವು ಯಾಕೆ ಹೇಳಲಿಲ್ಲ?"

ಕೂಸಪ್ಪ ಗಾಯ ಒಣಗಿದ ಅಂಗೈಯಿಂದ ಮುಖ ಒರೆಸಿಕೊಂಡ.

"ಹೇಳಬೇಕು ಅಂತಲೇ ನಿಂತಿದ್ದೆ. ಅಷ್ಟರಲ್ಲಿ ನೀವು ಇಲ್ಲ ಅಂದಿರಿ. ಹೆಂಡತಿಯೇ ಇಲ್ಲ ಅಂದ ಮೇಲೆ ನಾನು ಉಂಟು ಅನ್ನುವುದು ಹೇಗೆ ಅತ್ತಿಗೆ?"

ಪ್ರೇಮಾವತಿ ಆಂಬುಲೆನ್ಸನ್ನು ನಿಲ್ಲಿಸಲು ಹೇಳಿದಳು. ಇಳಿದು ರಸ್ತೆಯ ಬದಿಯಲ್ಲಿ ಕುಸಿದು ಕೂತು, ಆಸ್ಪತ್ರೆಯಲ್ಲಿ ಒಮ್ಮೆಯೂ ಬಾರದಿದ್ದ ಅಳುವನ್ನು ಅಳತೊಡಗಿದಳು. ಡ್ರೈವರು ಎರಡು ಸಲ ಹಾರ್ನ್ ಹಾಕಿದ. ಕೂಸಪ್ಪ ಕೆಳಗಿಳಿದು, ಏಳಿ ಎಂದು ಹೇಳಲೂ ಆಗದೆ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತ.